ಮೂವತ್ತಮೂರು ಇಂಚಿನ ಮೇಜು

ಮನುಷ್ಯರ ಮುಖ ನನಗೆ ನೆನಪಿರುವುದಿಲ್ಲ, ಬೆನ್ನು ನೆನಪಿರುತ್ತದೆ. ರಸ್ತೆಯಲ್ಲಿ ಯಾರಾದರೂ ಎದುರಿಗೆ ಬಂದು ನಕ್ಕರೆ ನಾನೂ ಹಲ್ಲು ಕಿರಿದು, ಅವರು ದಾಟಿ ಹೋದ ಮೇಲೆ ತಿರುಗಿ ನೋಡಿ, ಓ ಇವರಾ, ಎಂದುಕೊಳ್ಳುತ್ತೇನೆ. ನಮ್ಮ ಬೀದಿಯ ವಕೀಲರ ಬಲಭುಜ ಎಡಭುಜಕ್ಕಿಂತ ಮುಕ್ಕಾಲು ಇಂಚು ಕೆಳಗಿದೆ. ಹೆಡ್‌ಮಾಸ್ಟರರ ಕುತ್ತಿಗೆಯ ಹಿಂದೆ ಸಣ್ಣದೊಂದು ದಿಬ್ಬವಿದೆ. ಬಸ್ಸು ಓಡಿಸುವ ದೊಡ್ಡಣ್ಣ ಒಂದು ಕಡೆಗೆ ವಾಲಿದ್ದಾನೆ. ಇದು ಅವರವರ ಹೆಂಡಿರಿಗೆ ಗೊತ್ತೋ ಇಲ್ಲವೋ, ಊರಿಗಂತೂ ಗೊತ್ತಿಲ್ಲ. ನಾವು ಹೊಲಿದ ಕೋಟು ಎಲ್ಲವನ್ನೂ ಮುಚ್ಚುತ್ತದೆ.

ಮುಚ್ಚುವುದರಲ್ಲಿ ಮಾಯಮಂತ್ರವೇನೂ ಇಲ್ಲ. ಭುಜ ಇಳಿದಿದ್ದರೆ ಆ ಕಡೆ ಒಂದು ಪದರ ಹತ್ತಿ ಹೆಚ್ಚು ಹಾಕುತ್ತೇವೆ. ಬೆನ್ನು ಬಗ್ಗಿದ್ದರೆ ಹಿಂದಿನ ತುಂಡನ್ನು ಸ್ವಲ್ಪ ಉದ್ದ, ಮುಂದಿನದನ್ನು ಸ್ವಲ್ಪ ಗಿಡ್ಡ ಕತ್ತರಿಸುತ್ತೇವೆ. ಆಗ ಕೆಳಗಿನ ಅಂಚು ಸುತ್ತಲೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ನೋಡಿದವರಿಗೆ ಬಗ್ಗಿದ ಮನುಷ್ಯ ಬಗ್ಗಿಲ್ಲವೆಂದೇ ಅನಿಸುತ್ತದೆ. ಇದನ್ನು ಕಲಿಸಿದವರು ನನ್ನ ಮಾವ. ಗಿರಾಕಿಯ ಮೈ ತಿದ್ದಲು ಹೋಗಬೇಡ, ಬಟ್ಟೆ ತಿದ್ದು ಎನ್ನುವುದು ಅವರ ಮೊದಲನೆಯ ಪಾಠ. ಎರಡನೆಯ ಪಾಠ, ಟೇಪು ಗಿರಾಕಿಗೆ, ಕಣ್ಣು ಮನೆಯವರಿಗೆ. ಮನೆಯವರ ಅಳತೆಯನ್ನು ಟೇಪು ಹಿಡಿದು ತೆಗೆಯುವುದು ಅವರ ಪ್ರಕಾರ ದೊಡ್ಡ ಅವಮಾನ. ದಿನಾ ನೋಡುವ ಮೈಯ ಅಳತೆ ಕಣ್ಣಿಗೆ ಗೊತ್ತಿರಬೇಡವೇ? ಪ್ರತಿ ವರ್ಷ ಚಳಿ ಶುರುವಾಗುವ ಮೊದಲು ನಮಗೆಲ್ಲ ಒಂದೊಂದು ಕೆಲಸದ ಕೋಟನ್ನು, ಅಂದರೆ ಅಂಗಡಿಯಲ್ಲಿ ಮೇಲೆ ಹಾಕಿಕೊಳ್ಳುವ ಬೂದು ಬಣ್ಣದ ಉದ್ದನೆಯ ತೆಳು ಕೋಟನ್ನು, ಅವರು ಕಣ್ಣಳತೆಯಲ್ಲೇ ಕತ್ತರಿಸಿ ಕೊಡುತ್ತಿದ್ದರು. ಕಾಲಿಂಚು ಆಚೀಚೆ ಆದದ್ದು ನಾನು ನೋಡಿಲ್ಲ.

ಅಂಗಡಿ ಎಂಟು ಅಡಿ ಅಗಲ. ಬಾಗಿಲ ಹತ್ತಿರ ಕನ್ನಡಿ, ನಡುವೆ ಕತ್ತರಿಸುವ ಮೇಜು, ಅದರ ಹಿಂದೆ ಎರಡು ಹೊಲಿಗೆ ಯಂತ್ರ, ಕೊನೆಯಲ್ಲಿ ಇಸ್ತ್ರಿ. ಮೇಜಿನ ಪಕ್ಕದಲ್ಲಿ ಒಬ್ಬರು ಅಡ್ಡ ತಿರುಗಿ ಹೊಟ್ಟೆ ಒಳಗೆಳೆದುಕೊಂಡು ಹೋಗುವಷ್ಟು ದಾರಿ. ಇನ್ನೊಂದು ಮೇಜು ಹಾಕಬೇಕೆಂದರೆ ಗಿರಾಕಿಯನ್ನು ರಸ್ತೆಯಲ್ಲಿ ನಿಲ್ಲಿಸಬೇಕು. ಇದೊಂದು ನೆನಪಿರಲಿ, ಮುಂದಿನದೆಲ್ಲ ಇದರಿಂದಲೇ ಆದದ್ದು.

ಮೇಜನ್ನು ಮಾವ ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ ಬಡಗಿಯ ಪಕ್ಕ ಕುಳಿತು ಮಾಡಿಸಿದ್ದರು. ಐದಡಿ ಎತ್ತರದ ಆಳು, ತಮಗೆ ಹೇಗೆ ಬೇಕೋ ಹಾಗೆ ಮಾಡಿಸಿಕೊಂಡರು. ಒಂದೇ ದಪ್ಪ ಹಲಗೆ. ಅವರು ಸೊಂಟ ಒರಗಿಸಿ ನಿಲ್ಲುತ್ತಿದ್ದ ಕಡೆ ಅಂಚು ಸವೆದು ತಗ್ಗಾಗಿದೆ. ಅವರ ಮಗನಿಗೆ, ಎಂದರೆ ನಮ್ಮ ಮನೆಯವರಿಗೆ, ಕತ್ತರಿ ಒಲಿಯಲಿಲ್ಲ. ಗುಂಡಿಯ ಕಾಜ ಹಾಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಬೆಲೆ ಬಾಳುವ ಬಟ್ಟೆ ಹರಡಿ ಕೈಗೆ ಕತ್ತರಿ ಕೊಟ್ಟರೆ ಪರೀಕ್ಷೆಗೆ ಕೂತವರಂತೆ ಬೆವರುತ್ತಿದ್ದರು. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಮುಗಿಯಿತು. ಕೊನೆಗೆ ಮಾವ ಕತ್ತರಿಯನ್ನು ಹೊಸದಾಗಿ ಬಂದ ಸೊಸೆಯ ಕೈಗೆ ಕೊಟ್ಟರು. ಆಗ ಅತ್ತೆ ಇದ್ದರು. ಮೂಗು ಮುರಿದರು. ಮಾವ ಜಗ್ಗಲಿಲ್ಲ. ಇವಳು ಏಣಿ, ಕೈ ಉದ್ದ ಇದೆ, ಮೇಜಿನ ಆಚೆ ತುದಿ ಮುಟ್ಟುತ್ತಾಳೆ ಎಂದರು. ನಾನು ಐದಡಿ ಒಂಬತ್ತಿಂಚು. ಅಂದಿನಿಂದ ನನ್ನ ಹೆಸರು ಏಣಿ.

ಇಪ್ಪತ್ತೆರಡು ವರ್ಷ ಆ ಮೇಜಿನ ಮೇಲೆ ಬಗ್ಗಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರಲ್ಲ, ನಾನು ಗಿಡವಾಗಿಯೂ ಬಗ್ಗಿದೆ, ಮರವಾಗಿಯೂ ಬಗ್ಗಿದೆ. ಕೆಲಸ ಎಂದರೆ ನನಗೆ ಪ್ರಾಣ. ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಸರಕ್ಕನೆ ಓಡುವಾಗ ಆಗುವ ಸುಖ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ. ಮನೆಯವರ ಮುಂದೆಯೂ ಈ ಮಾತನ್ನು ಹೇಳಿದ್ದೇನೆ, ಪಾಪ, ನಕ್ಕುಬಿಟ್ಟರು.

ನೋವು ಮೊದಲು ಅತಿಥಿಯಂತೆ ಬಂತು, ಆಮೇಲೆ ಮನೆಯ ಯಜಮಾನನಾಯಿತು. ಸಂಜೆ ಸೊಂಟ ಹಿಡಿಯುತ್ತಿದ್ದದ್ದು ಮಧ್ಯಾಹ್ನಕ್ಕೆ ಬಂತು, ಮಧ್ಯಾಹ್ನದ್ದು ಬೆಳಿಗ್ಗೆಗೆ. ಬೆನ್ನುನೋವು ಎಂದು ಬಾಯಿ ಬಿಟ್ಟರೆ ಸಾಕು, ಊರಲ್ಲಿ ಎಲ್ಲರೂ ವೈದ್ಯರೇ. ವಕೀಲರು ನೆಲದ ಮೇಲೆ ಮಲಗು ಎಂದರು, ಅವರ ಹೆಂಡತಿ ಮೆತ್ತನೆಯ ಹಾಸಿಗೆ ತೆಗೆದುಕೋ ಎಂದರು. ಬಸ್ಸಿನ ದೊಡ್ಡಣ್ಣ ಬಾಗಿಲ ಚೌಕಟ್ಟು ಹಿಡಿದು ಜೋತಾಡಲು ಹೇಳಿದ. ನನ್ನ ಎತ್ತರಕ್ಕೆ ಯಾವ ಚೌಕಟ್ಟಿಗೆ ಜೋತರೂ ಕಾಲು ನೆಲದ ಮೇಲೇ ಇರುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಎಣ್ಣೆ, ಪಟ್ಟಿ, ಬಿಸಿನೀರಿನ ಚೀಲ, ಮಾತ್ರೆ, ಸೂಜಿ ಎಲ್ಲ ಆಯಿತು. ಎರಡು ವರ್ಷ ಹೀಗೆ ಕಳೆದೆ. ಆಮೇಲೆ ಸೊಂಟದಿಂದ ಹೊರಟ ನೋವು ತೊಡೆಯ ಹಿಂದೆ ಇಳಿದು, ಮೀನಖಂಡ ದಾಟಿ, ಹೆಬ್ಬೆರಳಿಗೆ ತಲುಪಿತು. ಬೆರಳಿಗೆ ಜೋಮು ಹಿಡಿಯಿತು. ಒಂದು ದಿನ ಎಡಗಾಲಿನ ಚಪ್ಪಲಿ ಬಿದ್ದುಹೋದದ್ದು ತಿಳಿಯದೆ ಒಂದೇ ಚಪ್ಪಲಿಯಲ್ಲಿ ಅಂಗಡಿಗೆ ಬಂದೆ.

ಹೆಡ್‌ಮಾಸ್ಟರರ ಕೋಟಿನ ದಿನ ಎಲ್ಲ ಬಯಲಾಯಿತು. ಹಿಂದಿನ ತುಂಡನ್ನು ಕತ್ತರಿಸುತ್ತಿದ್ದಾಗ ಎಡಗಾಲು ಇದ್ದಕ್ಕಿದ್ದಂತೆ ಕುಸಿಯಿತು, ಕತ್ತರಿ ಗೆರೆ ಬಿಟ್ಟು ಬೆನ್ನಿನ ನಡುವಿಗೆ ಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಿಂದ ಹಾಳಾದ ಮೊದಲ ಬಟ್ಟೆ ಅದು. ಮಾವ ಕಪಾಟಿನಿಂದ ಅದೇ ಬಣ್ಣದ ಬಟ್ಟೆ ತೆಗೆದು, ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಕತ್ತರಿಸಿದರು. ನನಗೆ ಅಳು ಬಂದದ್ದು ನೋವಿಗಲ್ಲ, ಆ ಬಟ್ಟೆಗೆ.

ಬೆನ್ನಿನ ಡಾಕ್ಟರು ಚಿತ್ರ ತೆಗೆಸಿ, ಮೇಜಿನ ಮೇಲಿದ್ದ ರಬ್ಬರಿನ ಬೆನ್ನುಮೂಳೆಯನ್ನು ಬಗ್ಗಿಸಿ ತೋರಿಸಿದರು. ಎರಡು ಮೂಳೆಗಳ ನಡುವಿನ ಮೆತ್ತೆ ಸೀಳಿ, ಒಳಗಿನ ತಿರುಳು ಹೊರಗೆ ಬಂದು ಕಾಲಿನ ನರದ ಮೇಲೆ ಕೂತಿದೆ. ಮಾತ್ರೆಗೆ, ಸೂಜಿಗೆ ಅದು ಜಗ್ಗುತ್ತಿಲ್ಲ, ಕಾಲಿನ ಬಲ ಕಡಿಮೆಯಾಗುತ್ತಿದೆ, ಇನ್ನು ಕಾಯಬಾರದು ಎಂದರು. ಹಿಂದೆಲ್ಲ ಬೆನ್ನು ಉದ್ದಕ್ಕೆ ಸೀಳುತ್ತಿದ್ದರಂತೆ. ಈಗ ಸಣ್ಣ ತೂತು ಮಾಡಿ, ಸ್ನಾಯುಗಳನ್ನು ಕೊಯ್ಯದೆ ಪಕ್ಕಕ್ಕೆ ಸರಿಸಿ, ಬೆರಳಿನಷ್ಟು ಕೊಳವೆಯೊಂದನ್ನು ಇಳಿಸಿ, ಅದರ ಮೂಲಕವೇ ನೋಡಿ ತೆಗೆಯುತ್ತಾರೆ. ತೂತು ಎಷ್ಟು ದೊಡ್ಡದು ಎಂದು ಕೇಳಿದೆ. ಮುಕ್ಕಾಲು ಇಂಚು ಎಂದು ಬೆರಳಲ್ಲಿ ತೋರಿಸಿದರು. ನಾನು ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಅವರ ಬೆರಳುಗಳ ನಡುವೆ ಹಿಡಿದು, ನೀವು ತೋರಿಸುತ್ತಿರುವುದು ಒಂದೂಕಾಲು ಎಂದೆ. ನಮ್ಮ ಮನೆಯವರು ತಲೆ ಚಚ್ಚಿಕೊಂಡರು. ಡಾಕ್ಟರು ನಕ್ಕು ಬೆರಳು ಹತ್ತಿರ ತಂದರು.

ಮಾಡಿದ್ದು ಮುಕ್ಕಾಲು ಇಂಚೇ. ಆಮೇಲೆ ಎರಡು ಕನ್ನಡಿ ಹಿಡಿದು ನೋಡಿದ್ದೇನೆ, ಹೊಲಿಗೆಯಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಅದೇ ಸಂಜೆ ಎಬ್ಬಿಸಿ ನಡೆಸಿದರು. ಹಾಸಿಗೆಯಿಂದ ಕಾಲು ಕೆಳಗಿಟ್ಟಾಗ ಸೊಂಟದಿಂದ ಬೆರಳವರೆಗಿನ ಆ ಬೆಂಕಿಯ ಗೆರೆ ಇರಲಿಲ್ಲ. ಇಲ್ಲವೇ ಇಲ್ಲ. ಆಸ್ಪತ್ರೆಯ ಓಣಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆ, ಯಾರೋ ನನ್ನ ಕಾಲನ್ನು ನನಗೆ ವಾಪಸು ಕೊಟ್ಟರು ಅನಿಸಿತು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು.

"ನರದ ಮೇಲೆ ಕೂತಿದ್ದನ್ನ ನಾನು ತೆಗೆದಿದ್ದೀನಿ. ಅದನ್ನ ಅಲ್ಲಿಗೆ ತಳ್ಳಿದ್ದು ಏನು ಅನ್ನೋದನ್ನ ನೀವು ಹುಡುಕ್ಬೇಕು. ಅದಕ್ಕೆ ನನ್ನ ಹತ್ರ ಕೊಳವೆ ಇಲ್ಲ."

ಆರು ವಾರ ಭಾರ ಎತ್ತಬಾರದು, ಬಗ್ಗಬಾರದು, ಆದರೆ ಮಲಗಿಯೂ ಇರಬಾರದು, ನಡೆಯಬೇಕು. ನಡೆದೆ. ಆ ಆರು ವಾರ ಎಪ್ಪತ್ತೊಂಬತ್ತರ ಮಾವ ಮತ್ತೆ ಮೇಜಿನ ಮುಂದೆ ನಿಂತರು. ಅಲ್ಲಿಯವರೆಗೆ ಅವರು ದಿನಾ ಹತ್ತು ಗಂಟೆಗೆ ಬಂದು, ಅಂದಿನ ಕಾಲರುಗಳನ್ನಷ್ಟೇ ಕತ್ತರಿಸಿ, ಮಧ್ಯಾಹ್ನದವರೆಗೆ ಬಾಗಿಲಲ್ಲಿ ಕೂತು ಹೋಗುತ್ತಿದ್ದರು. ಕಾಲರನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಈಗ ಇಡೀ ಕೋಟು. ಕೆಲಸ ಅರ್ಧಕ್ಕೆ ಇಳಿಯಿತು, ಗಿರಾಕಿಗಳು ಗೊಣಗಿದರು, ಆದರೆ ಮಾವನ ಮುಖ ನೋಡಬೇಕಿತ್ತು. ಹತ್ತು ವರ್ಷ ಚಿಕ್ಕವರಾಗಿದ್ದರು. ಊಟಕ್ಕೆ ಕೂತರೆ ವಕೀಲರ ಭುಜದ ಬಗ್ಗೆ ಅರ್ಧ ಗಂಟೆ ಮಾತು. ಆ ಮೇಜು ಅವರಿಗೆ ಏನು ಎಂಬುದನ್ನು ನಾನು ಸರಿಯಾಗಿ ಕಂಡದ್ದು ಆಗ, ಕೆಲಸವಿಲ್ಲದೆ ಪಕ್ಕದಲ್ಲಿ ನಿಂತು.

ನಾನು ಕೆಲಸಕ್ಕೆ ಮರಳಿದ ಹತ್ತನೆಯ ದಿನಕ್ಕೆ ಸೊಂಟ ಮತ್ತೆ ಹಿಡಿಯಿತು.

ಡಾಕ್ಟರ ಬಳಿಗೆ ಓಡಿದೆ. ಚಿತ್ರದಲ್ಲಿ ನರ ಬಿಡುವಾಗಿಯೇ ಇತ್ತು. ಇದು ಸ್ನಾಯುಗಳ ನೋವು, ಹೆದರಬೇಡಿ, ಆದರೆ ಇದೊಂದು ಎಚ್ಚರಿಕೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅದೇ ಜಾಗ ಮತ್ತೆ ಜಾರಿದರೆ ಎರಡನೆಯ ಸಲ ಸಣ್ಣ ತೂತಿನಲ್ಲಿ ಮುಗಿಯುತ್ತದೆಂಬ ಭರವಸೆ ಇಲ್ಲ. ಮೂಳೆಗೆ ತಿರುಪು ಹಾಕಿ ಬಿಗಿಯಬೇಕಾಗಬಹುದು, ಆಮೇಲೆ ದಿನಕ್ಕೆ ಹತ್ತು ಗಂಟೆ ಮೇಜಿನ ಮೇಲೆ ಬಗ್ಗುವ ಕೆಲಸವನ್ನು ಮರೆಯಬೇಕು. ಕತ್ತರಿ ಬಿಡಬೇಕಾಗುತ್ತದೆ ಎಂದು ಅವರು ಹೇಳಲಿಲ್ಲ, ನಾನೇ ಕೇಳಿಸಿಕೊಂಡೆ.

ವ್ಯಾಯಾಮ ಹೇಳಿಕೊಡುವ ಫಿಸಿಯೋ ಮೇಡಂ ಬಳಿಗೆ ಕಳಿಸಿದರು. ಐವತ್ತರ ಹೆಂಗಸು, ದಪ್ಪ ಕನ್ನಡಕ, ಸುಳ್ಳು ಹೇಳಿದರೆ ಅಲ್ಲೇ ಹಿಡಿಯುವ ಕಣ್ಣು. ನೆಲದಿಂದ ಮೊಣಕೈಗೆ ನಿಮ್ಮ ಅಳತೆ ಎಷ್ಟು ಎಂದರು. ಗೊತ್ತಿರಲಿಲ್ಲ. ಊರಿಗೆಲ್ಲ ಅಳತೆ ಹಿಡಿದವಳಿಗೆ ತನ್ನ ಮೊಣಕೈ ಎಲ್ಲಿದೆ ಎಂದು ಗೊತ್ತಿರಲಿಲ್ಲ! ಅವರೇ ಅಳೆದರು, ನಲವತ್ತಮೂರು ಇಂಚು. ಮೇಜು ಅದಕ್ಕಿಂತ ಮೂರು ನಾಲ್ಕು ಇಂಚು ಕೆಳಗಿದ್ದರೆ ಬೆನ್ನು ನೇರ ಇರುತ್ತದೆ, ನಿಮ್ಮದು ಎಷ್ಟು ಎಂದರು. ಮನೆಗೆ ಬರುವ ದಾರಿಯಲ್ಲಿ ಅಂಗಡಿಗೆ ಹೋಗಿ ಅಳೆದೆ. ಮೂವತ್ತಮೂರು. ನನ್ನ ಬೆನ್ನು ಇಪ್ಪತ್ತೆರಡು ವರ್ಷ ತುಂಬಿಸುತ್ತಿದ್ದದ್ದು ಆ ಆರು ಇಂಚಿನ ಅಂತರವನ್ನು.

ಕಾಲ ಕೆಳಗೆ ನಾಲ್ಕು ಮರದ ತುಂಡು ಕೊಟ್ಟರೆ ಮೇಜು ಏರುತ್ತದೆ. ಆದರೆ ಮೂವತ್ತೊಂಬತ್ತು ಇಂಚಿಗೆ ಏರಿದರೆ ಅದು ಮಾವನ ಎದೆಯ ಹತ್ತಿರ ಬರುತ್ತದೆ. ಭಾರದ ಕತ್ತರಿಯನ್ನು ಮೇಲಿನಿಂದ ಒತ್ತಿ ನಡೆಸಬೇಕು, ಎದೆಮಟ್ಟದಲ್ಲಿ ಆ ವಯಸ್ಸಿನ ಕೈಗೆ ಅದು ಆಗದು. ಕೋಲೂರಿ ನಡೆಯುವವರನ್ನು ಪೆಟ್ಟಿಗೆಯ ಮೇಲೆ ಹತ್ತಿಸಿ ಕತ್ತರಿ ಹಿಡಿಸಲೂ ಆಗದು. ಮೇಜು ಒಂದೇ, ಇನ್ನೊಂದಕ್ಕೆ ಜಾಗವಿಲ್ಲ. ಒಂದೋ ನನ್ನ ಬೆನ್ನು, ಇಲ್ಲವೇ ಅವರ ಕಾಲರು. ಹಾಗಾಗಿ ಮುಂದಿನ ವಾರ ಮೇಡಂ ಕೇಳಿದಾಗ, ಮೇಜನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದಾರೆ, ಅಲುಗಿಸಲು ಆಗುವುದಿಲ್ಲ ಎಂದುಬಿಟ್ಟೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. ಮೊಳೆ ಕೀಳುವವರು ಊರಲ್ಲಿ ಯಾರೂ ಇಲ್ಲವೇ ಎಂದರು. ನಾನು ಮಾತು ಬದಲಿಸಿದೆ.

ಉಳಿದದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಬೆಳಿಗ್ಗೆ ಇಪ್ಪತ್ತು ನಿಮಿಷ ವ್ಯಾಯಾಮ. ನೆಲದಿಂದ ಏನು ಎತ್ತಬೇಕಾದರೂ ಸೊಂಟ ಬಗ್ಗಿಸದೆ ಮಂಡಿ ಮಡಚುವುದು. ಮೇಜಿನ ಕೆಳಗೆ ಒಂದು ಗಿಡ್ಡ ಪೆಟ್ಟಿಗೆ ಇಟ್ಟು ಒಂದೊಂದೇ ಕಾಲನ್ನು ಅದರ ಮೇಲೆ ಇಟ್ಟು ನಿಲ್ಲುವುದು. ಅರ್ಧ ಗಂಟೆಗೊಮ್ಮೆ ಕತ್ತರಿ ಕೆಳಗಿಟ್ಟು ಬೀದಿಯ ಮೂಲೆಯವರೆಗೆ ನಡೆದು ಬರುವುದು. ಏಣಿ ಯಾರನ್ನೋ ಹುಡುಕುತ್ತಿದ್ದಾಳೆ ಎಂದು ಬೀದಿಯವರು ತಮಾಷೆ ಮಾಡಿದರು. ಮೂರು ತಿಂಗಳಲ್ಲಿ ನಾನು ನೇರ ನಿಲ್ಲುವುದನ್ನು ಹೊಸದಾಗಿ ಕಲಿತೆ. ಅಂಗಡಿಯ ಹೊರಗೆ ನೋವಿಲ್ಲ, ಮೇಜಿನ ಮುಂದೆ ಎರಡು ಗಂಟೆ ಕಳೆದರೆ ಹಾಜರು. ತೂತಾದ ಕೊಡಕ್ಕೆ ನೀರು ತುಂಬಿಸುವ ಕೆಲಸ.

ಒಂದು ಬೆಳಿಗ್ಗೆ, ಹಿಂದಿನ ವರ್ಷದ ಕೆಲಸದ ಕೋಟು ಹಾಕಿಕೊಂಡು ಅಂಗಡಿಯ ಕನ್ನಡಿಯ ಮುಂದೆ ಹಾದು ಹೋಗುವಾಗ ಕಣ್ಣಿಗೆ ಏನೋ ಚುಚ್ಚಿತು. ಕೋಟಿನ ಹಿಂದಿನ ಅಂಚು ಕೆಳಗೆ ಜೋಲುತ್ತಿತ್ತು, ಮುಂದಿನದು ಮೇಲೆ ಎದ್ದಿತ್ತು. ಬೇರೆಯವರ ಮೈ ಮೇಲೆ ಇದನ್ನು ಕಂಡಿದ್ದರೆ, ಯಾರಪ್ಪಾ ಈ ದಡ್ಡ ದರ್ಜಿ ಎನ್ನುತ್ತಿದ್ದೆ. ಒಗೆದಾಗ ಎಳೆದುಕೊಂಡಿರಬೇಕು ಎಂದುಕೊಂಡೆ. ಮತ್ತೆ ನೋಡಿದೆ. ಎಳೆದುಕೊಂಡದ್ದಲ್ಲ, ಹಾಗೆಯೇ ಕತ್ತರಿಸಿದ್ದು. ಅದು ಬೆನ್ನು ಬಗ್ಗಿದ ಹೆಂಗಸಿಗೆ ಕತ್ತರಿಸಿದ ಕೋಟು. ನಾನು ನೇರವಾದದ್ದರಿಂದ ಅದರ ಗುಟ್ಟು ಹೊರಬಿದ್ದಿತ್ತು.

ಅಂಗಡಿಗೆ ರಜೆ ಇದ್ದ ದಿನ ಮನೆಯ ಪೆಟ್ಟಿಗೆಯಲ್ಲಿದ್ದ ಹಳೆಯ ಕೋಟುಗಳನ್ನೆಲ್ಲ ಹೊರತೆಗೆದೆ. ಕೆಲವು ಒರೆಸುವ ಬಟ್ಟೆಯಾಗಿ ಹೋಗಿದ್ದವು, ಹನ್ನೊಂದು ಉಳಿದಿದ್ದವು. ಕಾಲರಿನ ಒಳಗೆ ಮಾವನ ಅಕ್ಷರದಲ್ಲಿ ವರ್ಷ ಇರುತ್ತದೆ. ಹಾಸಿಗೆಯ ಮೇಲೆ ಸಾಲಾಗಿ ಹರಡಿ ಟೇಪು ಹಿಡಿದೆ. ಮೊದಲನೆಯದರಲ್ಲಿ ಹಿಂದೆ ಮುಂದೆ ಸರಿಯಾಗಿತ್ತು. ಆರನೆಯ ವರ್ಷದ್ದರಲ್ಲಿ ಹಿಂದೆ ಕಾಲಿಂಚು ಹೆಚ್ಚು. ಹತ್ತನೆಯದರಲ್ಲಿ ಮುಕ್ಕಾಲು. ಹದಿನೈದಕ್ಕೆ ಒಂದೂಕಾಲು. ಕೊನೆಯದರಲ್ಲಿ ಎರಡು ಇಂಚು, ಮುಂದೆ ಅಷ್ಟೇ ಗಿಡ್ಡ. ನನ್ನ ಬೆನ್ನು ವರ್ಷ ವರ್ಷವೂ ಎಷ್ಟು ಬಗ್ಗಿತು ಎಂಬುದು ಆ ಹಾಸಿಗೆಯ ಮೇಲೆ ಬಿದ್ದಿತ್ತು, ಆಸ್ಪತ್ರೆಯ ಚಿತ್ರಕ್ಕಿಂತ ಸ್ಪಷ್ಟವಾಗಿ. ನನಗೆ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಮಾವನಿಗೆ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಕಾಣದಂತೆ ಮುಚ್ಚಿಟ್ಟಿದ್ದರು. ನನಗೂ ಕಾಣದಂತೆ.

ಕೋಪ ನೆತ್ತಿಗೇರಿತು. ನಾನು ಕೋಪವನ್ನು ಮಡಚಿ ಪೆಟ್ಟಿಗೆಯಲ್ಲಿ ಇಡುವವಳಲ್ಲ. ಮರುದಿನ ಮಾವ ಹತ್ತು ಗಂಟೆಗೆ ಬಂದು ಕಾಲರಿನ ಬಟ್ಟೆಗೆ ಕೈ ಚಾಚುವಾಗ, ಹನ್ನೊಂದು ಕೋಟನ್ನೂ ಮೇಜಿನ ಮೇಲೆ ಹಾಕಿದೆ. ನಮ್ಮ ಮನೆಯವರು ಯಂತ್ರ ನಿಲ್ಲಿಸಿದರು.

"ಇವೆಲ್ಲ ನೀವೇ ಕತ್ತರಿಸಿದ್ದಲ್ವಾ ಮಾವ? ನನ್ನ ಬೆನ್ನು ಬಗ್ತಾ ಇದೆ ಅಂತ ನಿಮಗೆ ಗೊತ್ತಿತ್ತು."

ಮಾವ ಕೊನೆಯ ಕೋಟನ್ನು ಕೈಗೆ ತೆಗೆದುಕೊಂಡು ಹಿಂದಿನ ಅಂಚನ್ನು ಹೆಬ್ಬೆರಳಲ್ಲಿ ಸವರಿದರು. ಅವರ ಮುಖದಲ್ಲಿ ಕಳ್ಳತನ ಇರಲಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತಂದಿತು.

"ಗೊತ್ತಿತ್ತು," ಎಂದರು. "ಬಗ್ಗಿದವರಿಗೆ ಹಾಗೇ ಅಲ್ವೇನಮ್ಮ ಕತ್ತರಿಸೋದು."

"ನಾನು ಗಿರಾಕಿ ಅಲ್ಲ ಮಾವ. ಗಿರಾಕಿ ಎಲ್ಲಿ ಬಗ್ಗಿದ ಅಂತ ನಮಗೆ ಗೊತ್ತಿರಲ್ಲ. ನಾನು ಬಗ್ಗಿದ್ದು ಇಲ್ಲಿ, ನಿಮ್ಮ ಕಣ್ಣೆದುರಿಗೆ. ಕೋಟು ತಿದ್ದಿದ್ರಿ. ಈ ಮೇಜು ನನಗೆ ಆರು ಇಂಚು ಕಮ್ಮಿ, ಅದು ನಿಮ್ಮ ಕಣ್ಣಿಗೆ ಬೀಳ್ಲೇ ಇಲ್ವಾ?"

ಅವರು ಕೋಟು ಕೆಳಗಿಟ್ಟರು. ಮೇಜಿನ ಸವೆದ ಅಂಚಿನ ಮೇಲೆ ಎರಡೂ ಅಂಗೈ ಊರಿದರು. ಆಮೇಲೆ ಕೋಲು ಹಿಡಿದು, ಕಾಲರು ಕತ್ತರಿಸದೆ, ಮನೆಗೆ ಹೊರಟುಹೋದರು.

ಮೂರು ದಿನ ಅಂಗಡಿಗೆ ಬರಲಿಲ್ಲ. ಮನೆಯಲ್ಲಿ ಬಡಿಸಿದ್ದನ್ನು ಉಣ್ಣುತ್ತಿದ್ದರು, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದರು, ತಮ್ಮ ಕೋಣೆಗೆ ಹೋಗುತ್ತಿದ್ದರು. ನಮ್ಮ ಮನೆಯವರು ನನಗೆ ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರೆ. ಎಂಬತ್ತಕ್ಕೆ ಕಾಲಿಟ್ಟು ಬಗ್ಗಿದ್ದವರಿಗೆ ನಾನೇ ಆ ಗುದ್ದು ಕೊಟ್ಟೆನಲ್ಲ ಎಂದು ಕೊರಗಿದೆ. ಹೇಳಿದ್ದು ತಪ್ಪು ಎಂದು ಮಾತ್ರ ಅನಿಸಲಿಲ್ಲ. ಎರಡೂ ಒಟ್ಟಿಗೆ ಇದ್ದವು. ಆ ಮೂರು ದಿನ ಕಾಲರುಗಳನ್ನು ನಾನೂ ಮುಟ್ಟಲಿಲ್ಲ. ಕಾಲರಿಲ್ಲದ ನಾಲ್ಕು ಕೋಟು ಗೂಟಕ್ಕೆ ನೇತಾಡುತ್ತಿದ್ದವು.

ನಾಲ್ಕನೆಯ ಬೆಳಿಗ್ಗೆ ಒಂಬತ್ತಕ್ಕೆ ಮನೆಯವರೂ ನಾನೂ ಹೋದಾಗ ಅಂಗಡಿ ಆಗಲೇ ತೆರೆದಿತ್ತು. ಮಾವ ಮೇಜಿನ ಪಕ್ಕ ನಿಂತಿದ್ದರು. ಬೂದು ಬಟ್ಟೆ ಹರಡಿತ್ತು. ಕುತ್ತಿಗೆಯಲ್ಲಿ ಟೇಪು, ಕೈಯಲ್ಲಿ ಗಿರಾಕಿಗಳ ಅಳತೆ ಬರೆಯುವ ಪುಸ್ತಕ, ಅದರಲ್ಲಿ ಹೊಸ ಪುಟ.

"ಬಾ, ಕನ್ನಡಿ ಮುಂದೆ ನಿಂತ್ಕೋ," ಎಂದರು. "ಕಣ್ಣಳತೆ ನೆಚ್ಚಿಕೊಂಡಿದ್ದು ಸಾಕು."

ನಿಂತೆ. ನನ್ನ ಕುತ್ತಿಗೆ ಅವರಿಗೆ ಎಟುಕಲಿಲ್ಲ. ನಾನು ಕಾಲಿಡುವ ಗಿಡ್ಡ ಪೆಟ್ಟಿಗೆಯನ್ನು ನಮ್ಮ ಮನೆಯವರಿಂದ ತರಿಸಿ, ಮಗನ ಭುಜ ಹಿಡಿದು ಮೇಲೆ ನಿಂತರು. ಕುತ್ತಿಗೆಯ ಮೂಳೆಯಿಂದ ಸೊಂಟಕ್ಕೆ ಟೇಪು ಇಳಿಯಿತು.  ಗಾಯದ ಗುರುತಿನ ಹತ್ತಿರ ಬಟ್ಟೆಯ ಮೇಲಿನಿಂದಲೇ ಬೆರಳು ಒಂದು ಕ್ಷಣ ನಿಂತು ಮುಂದೆ ಹೋಯಿತು. ಒಂದೊಂದು ಅಳತೆಯನ್ನೂ ಗಟ್ಟಿಯಾಗಿ ಹೇಳಿದರು, ಮಗ ಬರೆದರು. ಕೊನೆಗೆ ಕೋಟಿಗೆ ಬೇಕಿಲ್ಲದ ಒಂದು ಅಳತೆ ತೆಗೆದರು, ಮೊಣಕೈಯಿಂದ ನೆಲಕ್ಕೆ. ನಲವತ್ತಮೂರು. ಪೆಟ್ಟಿಗೆಯಿಂದ ಇಳಿದು ಅದೇ ಟೇಪನ್ನು ಮೇಜಿನ ಅಂಚಿನಿಂದ ನೆಲಕ್ಕೆ ಬಿಟ್ಟರು. ಐವತ್ತೈದು ವರ್ಷದಲ್ಲಿ ಆ ಮೇಜಿಗೆ ಅವರು ಟೇಪು ಹಿಡಿದದ್ದು ಅದೇ ಮೊದಲು. ಮೂವತ್ತಮೂರು ಎಂದು ಅದನ್ನೂ ಗಟ್ಟಿಯಾಗಿ ಓದಿದರು.

"ಮೇಜು ನಂಗೆ ಸರಿಯಾಗಿತ್ತು," ಎಂದರು. "ಅದಕ್ಕೇ ಮೇಜು ಸರಿಯಾಗಿದೆ ಅಂದ್ಕೊಂಡೆ ಕಣಮ್ಮ. ಬೇರೆಯವರಿಗೆ ಹೇಗಿದೆ ಅಂತ ಕೇಳೋದು ನಂಗೆ ಹೊಳೀಲೇ ಇಲ್ಲ."

ನಾನು ಕನ್ನಡಿಯ ಕಡೆ ತಿರುಗಿದೆ. ಅವರು ಬಟ್ಟೆಯ ಮೇಲೆ ಗೆರೆ ಎಳೆಯತೊಡಗಿದರು. ಒಂದೂವರೆ ಗಂಟೆ ತೆಗೆದುಕೊಂಡರು. ಆ ಹಳೆಯ ಎತ್ತರದಲ್ಲಿ, ಸವೆದ ತಗ್ಗಿಗೆ ಸೊಂಟ ಒರಗಿಸಿ, ನನ್ನ ಕೋಟನ್ನು ಕತ್ತರಿಸಿದರು. ಕಾಲರು ಕೂಡ. ನೇತಾಡುತ್ತಿದ್ದ ನಾಲ್ಕು ಕೋಟುಗಳ ಕಾಲರನ್ನೂ ಕತ್ತರಿಸಿದರು. ಆಮೇಲೆ ಕತ್ತರಿಯನ್ನು ಒರೆಸಿ, ಹಿಡಿಯ ಕಡೆಯನ್ನು ನನ್ನತ್ತ ಮಾಡಿ ಇಟ್ಟು, ಬಡಗಿಯನ್ನು ಕರೆದುಕೊಂಡು ಬಾ ಎಂದು ಮಗನಿಗೆ ಹೇಳಿದರು. ನಾಳೆಯಿಂದ ಕಾಲರು ಹೇಗೆ ಮಾವ ಎಂದು ಕೇಳಿದೆ. ನಾನು ದಿನಕ್ಕೆ ಹತ್ತು ನಿಮಿಷ ನಿಲ್ಲುವವನು, ನೀನು ಹತ್ತು ಗಂಟೆ ನಿಲ್ಲುವವಳು, ಲೆಕ್ಕ ಬರುವುದಿಲ್ಲವೇ ನಿನಗೆ ಎಂದು ಗದರಿಸಿದರು.

ಮಧ್ಯಾಹ್ನ ಬಡಗಿ ಬಂದು ನಾಲ್ಕು ಕಾಲಿಗೂ ಆರಾರು ಇಂಚಿನ ತುಂಡು ಜೋಡಿಸಿದ. ಅವನು ಹೋದ ಮೇಲೆ ಮಾವ ಮೇಜಿನ ಹತ್ತಿರ ಹೋಗಿ, ಸವೆದ ಅಂಚನ್ನು ಮುಟ್ಟಿದರು. ಅದು ಈಗ ಅವರ ಎದೆಯ ಹತ್ತಿರ ಇತ್ತು. ಚೆನ್ನಾಗಿದೆ ಎಂದು ಹೇಳಿ ಬಾಗಿಲ ಕುರ್ಚಿಗೆ ಹೋಗಿ ಕೂತರು. ಕೆಲವು ದಿನ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕಾಲರು ಕತ್ತರಿಸಲು ನೋಡಿದರು, ಕೈಗೆ ಒತ್ತು ಸಿಗಲಿಲ್ಲ. ಒಂದು ದಿನ ಹಲಗೆ ತರಲಿಲ್ಲ.  ಈಗ ಕಾಲರನ್ನು ನಾನೇ ಕತ್ತರಿಸುತ್ತೇನೆ, ಅವರು ಕುರ್ಚಿಯಿಂದಲೇ ಅದರ ತಪ್ಪು ಹಿಡಿಯುತ್ತಾರೆ.

ನೋವು ಪೂರ್ತಿ ಹೋಯಿತೇ ಎಂದರೆ ಇಲ್ಲ. ಅಪರೂಪಕ್ಕೆ ಬರುತ್ತದೆ, ಕೂತು ಮಾತಾಡಿಸಿಕೊಂಡು ಹೋಗುತ್ತದೆ. ಬೆಳಗಿನ ವ್ಯಾಯಾಮ ಬಿಟ್ಟಿಲ್ಲ, ಮೂಲೆಯವರೆಗಿನ ನಡಿಗೆಯನ್ನೂ ಬಿಟ್ಟಿಲ್ಲ. ಆದರೆ ದಿನವಿಡೀ ಕತ್ತರಿಸಿಯೂ ಸಂಜೆ ನೆಟ್ಟಗೆ ಮನೆಗೆ ನಡೆದು ಹೋಗುತ್ತೇನೆ.

ಹೊಸ ಕೋಟನ್ನು ಮೊದಲ ಸಲ ಹಾಕಿಕೊಂಡ ದಿನದ ಮಾತು ಹೇಳಬೇಕು. ಕನ್ನಡಿಯಲ್ಲಿ ಅಂಚು ಸುತ್ತಲೂ ಒಂದೇ ಮಟ್ಟ, ಹಿಂದೆ ಮುಂದೆ ಸರಿಸಮ. ಆದರೆ ಕೆಳಗೆ ಬಿದ್ದ ಸೀಮೆಸುಣ್ಣ ಎತ್ತಲು ಹಳೆಯ ಅಭ್ಯಾಸದಂತೆ ಬಗ್ಗಿದ್ದೇ ತಡ, ಬೆನ್ನ ಮೇಲೆ ಬಟ್ಟೆ ಬಿಗಿಯಾಗಿ ಎಳೆಯಿತು. ಐವತ್ತೈದು ವರ್ಷ ಕತ್ತರಿಸಿದ ಕೈ, ಟೇಪು ಹಿಡಿದು ಕತ್ತರಿಸಿದಾಗಲೇ ತಪ್ಪಿತಲ್ಲ ಎಂದು ಮರುಕವಾಯಿತು. ಹೇಳಲೋ ಬೇಡವೋ ಎಂದು ಯೋಚಿಸಿ, ಹೇಳಿಯೇಬಿಟ್ಟೆ.

"ಮಾವ, ಕೋಟು ಹಿಂದೆ ಸ್ವಲ್ಪ ಬಿಗಿ ಆಯ್ತು."

ಅವರು ಕುರ್ಚಿಯಿಂದ ತಿರುಗಿ ನೋಡಲೂ ಇಲ್ಲ.

"ಬಗ್ಗಿದ್ಯಾ?"

"ಹೂಂ."

"ಹಾಗಾದ್ರೆ ಕೋಟು ಸರಿಯಾಗಿದೆ."

ನಾನು ಮಂಡಿ ಮಡಚಿ ಕೂತು ಸೀಮೆಸುಣ್ಣ ಎತ್ತಿಕೊಂಡೆ.